ಹಿಮನಾಡಿನ ಶಾಲೆಗೆ ಮನೆಮಾತು ಬಂದ ಬಗೆ

ನಾರ್ವೆ ದೇಶದ ಉತ್ತರದ ತುತ್ತತುದಿಯಲ್ಲಿ, ನಡುಚಳಿಗಾಲದ ಹಲವು ವಾರಗಳ ಕಾಲ ಸೂರ್ಯೋದಯವೇ ಇಲ್ಲದ ಫಿನ್‌ಮಾರ್ಕ್ ಪ್ರಾಂತದ ಒಳನಾಡಿನಲ್ಲಿ, ಹಿಮಸಾರಂಗಗಳನ್ನು ಮೇಯಿಸಿಕೊಂಡು ಬಾಳುವ ಸಾಮಿ ಜನರ ಮಕ್ಕಳು ಅಕ್ಷರಾಭ್ಯಾಸಕ್ಕೆ ಮುನ್ನವೇ ಒಂದು ಗಹನವಾದ ವಿದ್ಯೆಯನ್ನು ಹಿರಿಯರ ಬೆನ್ನ ಹಿಂದೆ ನಡೆದು ಕಲಿಯುತ್ತಿದ್ದರು. ಸಾರಂಗದ ಕಿವಿಯಂಚಿನಲ್ಲಿ ಚಾಕುವಿನಿಂದ ಕೊಯ್ದ ಕಚ್ಚುಗಳನ್ನು ನೋಡಿ ಅದರ ಒಡೆಯನಾರೆಂದು ಹೇಳುವುದು, ಕರಗಿದ ಹಿಮವು ಮರಳಿ ಹೆಪ್ಪುಗಟ್ಟಿ ಅಡಿಯಲ್ಲಿರುವ ಕಲ್ಲುಹೂವಿನ ಮೇವು ಹಿಂಡಿಗೆ ಎಟುಕದಂತಾದ ಎಡೆಯನ್ನು ಗುರುತಿಸುವುದು, ವಸಂತದಲ್ಲಿ ಕಡಲತೀರದತ್ತ ಹೊರಡುವ ಹಿಂಡಿನ ಹಾದಿಯನ್ನರಿಯುವುದು, ಇವೆಲ್ಲವೂ ಆ ವಿದ್ಯೆಯ ಅಂಗಗಳು. ಮಗುವಿಗೂ ತನ್ನದೇ ಆದ ಕಿವಿಗುರುತೊಂದು ಇರುತ್ತಿದ್ದಿತು. ಅಷ್ಟು ಎಳೆಯ ವಯಸ್ಸಿನಲ್ಲಿಯೇ ಹೊಣೆಗಾರಿಕೆಯನ್ನು ಕಲಿಸಿದ ಈ ಪದ್ಧತಿಯನ್ನು ನಾನು ಶಿಕ್ಷಣವೆಂದೇ ಕರೆಯುತ್ತೇನೆ.

ಪಾಠಶಾಲೆಯು ಮಾತ್ರ ಅದನ್ನು ಹಾಗೆಂದು ಬಗೆಯಲಿಲ್ಲ. ಸಾಮಿ ಭಾಷೆಯನ್ನು ಅನಿವಾರ್ಯವಾದಾಗಷ್ಟೇ ಊರುಗೋಲಾಗಿ ಬಳಸತಕ್ಕದ್ದೆಂದು 1898ರ ಸರ್ಕಾರಿ ಆದೇಶವು ವಿಧಿಸಿತು. 1902ರ ಭೂಶಾಸನವು, ನಾರ್ವೇಜಿಯನ್ ಭಾಷೆಯನ್ನು ಓದಿ, ಬರೆದು, ಮಾತನಾಡಿ, ನಿತ್ಯವೂ ಬಳಸುವವರಿಗಲ್ಲದೆ ಫಿನ್‌ಮಾರ್ಕಿನ ಸರ್ಕಾರಿ ನೆಲವನ್ನು ಮಾರಕೂಡದೆಂದಿತು. 1905ರಿಂದ ಮೊದಲಾದ ಸರ್ಕಾರಿ ವಸತಿಶಾಲೆಗಳು ಏಳೆಂಟು ವರ್ಷದ ಮಕ್ಕಳನ್ನು ತಾಯ್ತಂದೆಯರಿಂದ ದೂರವಿರಿಸಿದುವು. ಉಪಾಧ್ಯಾಯರ ನೇಮಕದಲ್ಲಿಯೂ ನಾರ್ವೇಜಿಯನ್ನರಿಗೇ ಆದ್ಯತೆಯಿತ್ತು. ಮನೆಯಲ್ಲಿ ಚುರುಕೆನಿಸಿದ ಮಗು ಮನೆಮಾತಿಗೆ ಎಡೆಯಿಲ್ಲದ ಆ ಕೊಠಡಿಯಲ್ಲಿ ಮಂದಮತಿಯೆನಿಸಿದ್ದು ಆ ಕಾಲದ ಘೋರವಾದ ಅನ್ಯಾಯ.

ಇದನ್ನು ಮೊದಲು ಎದುರಿಸಿದವರಲ್ಲಿ ಟಾನಾದ ಉಪಾಧ್ಯಾಯ ಪೇರ್ ಫೋಕ್‌ಸ್ಟಾಡ್ ಪ್ರಮುಖರು. ಮನೆಮಾತಿನಲ್ಲಿಯೇ ವಿದ್ಯಾರಂಭವಾಗಬೇಕೆಂದು 1920ರ ದಶಕದಲ್ಲಿ ಅವರು ಮುಂದಿಟ್ಟ ಯೋಜನೆಯು ತಿರಸ್ಕೃತವಾಯಿತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವು ಫಿನ್‌ಮಾರ್ಕಿನ ಊರುಗಳನ್ನು ಸುಟ್ಟು ಬೂದಿಮಾಡಿತು. ಪುನರ್ನಿರ್ಮಾಣದ ತರುವಾಯ, 1959ರ ಶಾಲಾಶಾಸನವು ಸಾಮಿ ಭಾಷೆಯಲ್ಲಿ ಬೋಧಿಸಲು ಎಡೆಗೊಟ್ಟಿತು. 1967ರಲ್ಲಿ ಕೆಲವು ಶಾಲೆಗಳಲ್ಲಿ ಮಕ್ಕಳು ತಮ್ಮ ನುಡಿಯಲ್ಲಿಯೇ ಓದುಬರಹವನ್ನಾರಂಭಿಸಿದರು.

ಆದರೂ ಇಡೀ ದೇಶದ ಗಮನವನ್ನು ಸೆಳೆದುದು ನದಿಯೊಂದರ ವಿವಾದ. ಆಲ್ಟಾ ನದಿಗೆ ಕಟ್ಟಲೆಣಿಸಿದ ಅಣೆಕಟ್ಟಿನ ಮೂಲಯೋಜನೆಯಂತೆ ಮಾಸಿ ಎಂಬ ಸಾಮಿ ಗ್ರಾಮವೇ ಮುಳುಗಬೇಕಾಗಿದ್ದಿತು. ಗ್ರಾಮವು ಉಳಿದುಕೊಂಡರೂ ಹೋರಾಟ ನಿಲ್ಲಲಿಲ್ಲ. 1979ರಲ್ಲಿ ಸಾಮಿ ತರುಣರು ಓಸ್ಲೋ ನಗರದ ಸಂಸತ್ ಭವನದ ಮುಂದೆ ಗುಡಾರ ಹೂಡಿ ಉಪವಾಸ ಕುಳಿತರು. ಅಣೆಕಟ್ಟು ತಪ್ಪಲಿಲ್ಲ, ಆದರೆ ತಮ್ಮದೊಂದು ಪ್ರತಿನಿಧಿಸಭೆ ಬೇಕೆಂಬ ಬೇಡಿಕೆಗೆ ಬಲ ಬಂದಿತು. 1989ರ ಅಕ್ಟೋಬರ್ 9ರಂದು ಕಾರಾಶೋಕಿನಲ್ಲಿ ಸಾಮಿ ಸಂಸತ್ತನ್ನು ದೊರೆ ಐದನೆಯ ಓಲಾವ್ ಉದ್ಘಾಟಿಸಿದನು. ಅದೇ ವರ್ಷ ಕೌಟೊಕೆಯ್ನೊದಲ್ಲಿ ಸ್ಥಾಪಿತವಾದ ಉನ್ನತ ವಿದ್ಯಾಲಯದಲ್ಲಿ, ಸಾಮಿ ಮಕ್ಕಳಿಗೆ ಸಾಮಿ ನುಡಿಯಲ್ಲಿಯೇ ಪಾಠ ಹೇಳಬಲ್ಲ ಉಪಾಧ್ಯಾಯರು ತರಬೇತಿ ಪಡೆಯತೊಡಗಿದರು.