ಗೋಡೆಯ ಮೇಲೊಂದು ಮಣ್ಣಿನ ದಾರಿ

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಪುಸ್ತಕಗಳ ಬೀರು ಎಲ್ಲಿದೆ? ಗೋಡೆಗೆ ಒತ್ತಿಸಿ ಇಟ್ಟಿದ್ದಾರೆಯೇ? ಹಾಗಿದ್ದರೆ ಇವತ್ತೇ ಅದರ ಹಿಂಬದಿಗೆ ಒಮ್ಮೆ ಇಣುಕಿ ನೋಡಿ. ಪೆನ್ಸಿಲ್ ದಪ್ಪದ ಅಂಕುಡೊಂಕಾದ ಮಣ್ಣಿನ ಗೆರೆಯೊಂದು ನೆಲದಿಂದ ಮೇಲಕ್ಕೆ ಏರಿದೆಯೇ? ಕೆಸರು ಸಿಡಿದ ಕಲೆ ಎಂದುಕೊಂಡು ಬಿಟ್ಟುಬಿಡಬೇಡಿ. ಅದು ಗೆದ್ದಲು ಕಟ್ಟಿಕೊಂಡ ದಾರಿ. ಮಲೆನಾಡು, ಕರಾವಳಿಯ ಕಡೆ ಇದೇ ಹುಳುವನ್ನು ಒರಲೆ ಎನ್ನುತ್ತಾರೆ.

'ಬಿಳಿ ಇರುವೆ' ಎಂಬ ಹೆಸರೂ ಇದಕ್ಕುಂಟು. ಆದರೆ ಗೆದ್ದಲು ಇರುವೆಯಲ್ಲ! ಇರುವೆಗಳು ಕಣಜ ಮತ್ತು ಜೇನುನೊಣಗಳ ಬಳಗಕ್ಕೆ ಸೇರಿದವು. ಗೆದ್ದಲು ಜಿರಲೆಯ ನೆಂಟ. ಅಷ್ಟೇ ಅಲ್ಲ, ಇರುವೆಯೇ ಗೆದ್ದಲಿನ ದೊಡ್ಡ ಶತ್ರು.

ಮಣ್ಣಿನ ಗೆರೆಯನ್ನು ಕಡ್ಡಿಯಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಟೊಳ್ಳು. ಅದು ಗೆರೆಯಲ್ಲ, ಕೊಳವೆ. ಮಣ್ಣಿನ ಕಣಗಳನ್ನು ಎಂಜಲು ಮತ್ತು ಮಲದಿಂದ ಅಂಟಿಸಿ ಕೆಲಸಗಾರ ಹುಳುಗಳು ಇದನ್ನು ಕಟ್ಟುತ್ತವೆ. ಇಷ್ಟೆಲ್ಲ ಕಷ್ಟ ಏಕೆ ಗೊತ್ತೇ? ಗೆದ್ದಲಿನ ಚರ್ಮ ಬಹಳ ತೆಳು. ಬಿಸಿಲು, ಒಣಗಾಳಿ ತಗುಲಿದರೆ ಮೈಯ ನೀರು ಆರಿ ಅದು ಸಾಯುತ್ತದೆ. ಕೊಳವೆಯೊಳಗೆ ತೇವವಿರುತ್ತದೆ, ಕತ್ತಲಿರುತ್ತದೆ, ಇರುವೆಯ ಕಾಟವೂ ಕಡಿಮೆ. ಮರವನ್ನು ಒಳಗಿನಿಂದಲೇ ತಿಂದು ಹೊರಗಿನ ಪದರವನ್ನು ಉಳಿಸುವುದಕ್ಕೂ ಇದೇ ಕಾರಣ. ಹೀಗಾಗಿ ಬಣ್ಣ ಬಳಿದ ಬಾಗಿಲು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಬೆರಳಿಟ್ಟು ಒತ್ತಿದರೆ ಹಪ್ಪಳದಂತೆ ಒಳಕ್ಕೆ ಕುಸಿಯುತ್ತದೆ.

ಮರ, ಕಾಗದ, ಹತ್ತಿ ಬಟ್ಟೆ, ಒಣ ಹುಲ್ಲು ಇವೆಲ್ಲದರಲ್ಲೂ ಸೆಲ್ಯುಲೋಸ್ ಎಂಬ ವಸ್ತು ಇದೆ. ಗೆದ್ದಲಿಗೆ ಬೇಕಾದದ್ದು ಅದೇ. ಅದನ್ನು ಅರಗಿಸಲು ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನೆರವಾಗುತ್ತವೆ. ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವ ಗೆದ್ದಲಂತೂ ರೈತನೇ ಸರಿ! ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡಿ ಅದನ್ನು ಉಣ್ಣುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆಗಳನ್ನು ನೋಡಿದ್ದೀರಲ್ಲ, ಅವು ಆ ತೋಟದಿಂದ ಬಂದವು. ತರಗೆಲೆ, ಒಣಕಡ್ಡಿಗಳನ್ನು ಮತ್ತೆ ಮಣ್ಣಿಗೆ ಸೇರಿಸುವ ಗೆದ್ದಲು ಕಾಡಿಗೆ ಬೇಕೇ ಬೇಕು. ಊರಾಚೆಯ ಹುತ್ತವನ್ನು ಕೆಡವಲು ಹೋಗಬೇಡಿ. ಅಲ್ಲಿ ಹಾವಿರಬಹುದು ಎಂಬ ಮಾತು ಸುಳ್ಳಲ್ಲ!

ಆದರೆ ಮನೆಯೊಳಗೆ ಬಂದರೆ? ಅಜ್ಜ ಪೆಟ್ಟಿಗೆಯಲ್ಲಿಟ್ಟ ಜಮೀನಿನ ಪತ್ರ, ಅಕ್ಕನ ಅಂಕಪಟ್ಟಿ, ಮಾಡಿನ ತೊಲೆ ಯಾವುದನ್ನೂ ಅದು ಬಿಡದು.

ಬಂದಿದೆ ಎಂದು ತಿಳಿಯುವುದು ಹೇಗೆ? ಮಣ್ಣಿನ ಕೊಳವೆ ಮೊದಲ ಗುರುತು. ಬಾಗಿಲ ಚೌಕಟ್ಟಿನ ಬುಡ, ಬಚ್ಚಲಿನ ಪಕ್ಕದ ಗೋಡೆ, ಮೆಟ್ಟಿಲ ಕೆಳಗಿನ ಕತ್ತಲು ಮೂಲೆಗಳಲ್ಲಿ ಹುಡುಕಿ. ಚೌಕಟ್ಟನ್ನು ಚಮಚದಿಂದ ತಟ್ಟುತ್ತಾ ಹೋಗಿ. ಒಂದು ಕಡೆ ಟೊಳ್ಳು ಸದ್ದು ಬಂದರೆ ಅನುಮಾನಿಸಿ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಗೊತ್ತಲ್ಲ? ಅವೂ ಗೆದ್ದಲುಗಳೇ. ಹೊಸ ಗೂಡು ಕಟ್ಟಲು ಹೊರಟ ಮುಂದಿನ ರಾಜ, ರಾಣಿಯರು. ಹೊರಗಿನಿಂದ ಬಂದರೆ ಗಾಬರಿ ಬೇಡ. ಮನೆಯ ನೆಲದ ಅಥವಾ ಗೋಡೆಯ ಬಿರುಕಿನಿಂದಲೇ ಹೊರಟರೆ ಗೂಡು ಹತ್ತಿರದಲ್ಲೇ ಇದೆ ಎಂದರ್ಥ.

ನೆಲದ ನಂಟೇ ಬೇಡದ, ಒಣಮರದೊಳಗೇ ಬದುಕುವ ಗೆದ್ದಲೂ ಉಂಟು. ಅದು ಕೊಳವೆ ಕಟ್ಟುವುದಿಲ್ಲ. ಮರದ ಕೆಳಗೆ ಗಸಗಸೆಯಂತಹ ಹಿಕ್ಕೆಗಳ ಪುಟ್ಟ ರಾಶಿ ಬಿದ್ದಿರುತ್ತದೆ. ಹಿಟ್ಟಿನಂತಹ ನುಣ್ಣನೆಯ ಪುಡಿಯಾದರೆ ಅದು ಕುಟ್ಟೆ ಹುಳುವಿನ ಕೆಲಸ.

ಕೊಳವೆ ಸಿಕ್ಕಿದಾಗ ಪೂರ್ತಿ ಒರೆಸಿ ಹಾಕಬೇಡಿ. ನಡುವೆ ಎರಡು ಬೆರಳಗಲ ಮಾತ್ರ ಒಡೆದು, ದಿನಾಂಕ ಬರೆದಿಡಿ. ಎರಡು ಮೂರು ದಿನ ಬಿಟ್ಟು ನೋಡಿ. ಹಸಿ ಮಣ್ಣಿನಿಂದ ಮುಚ್ಚಿದ್ದರೆ ದಾರಿ ಬಳಕೆಯಲ್ಲಿದೆ. ಹಾಗೆಯೇ ಇದ್ದರೂ ಪೂರ್ತಿ ನೆಮ್ಮದಿ ಬೇಡ, ಪಕ್ಕದಲ್ಲೇ ಬೇರೆ ದಾರಿ ಕಟ್ಟಿರಬಹುದು.

ಸೀಮೆಎಣ್ಣೆ ಸುರಿದರೆ ಸಾಕು ಎನ್ನುವವರಿದ್ದಾರೆ. ಕಣ್ಣಿಗೆ ಕಾಣುವ ಹುಳುಗಳು ಸಾಯುತ್ತವೆ, ನಿಜ. ಆದರೆ ರಾಣಿ ಮಣ್ಣಿನಾಳದಲ್ಲಿ ಮೊಟ್ಟೆ ಇಡುತ್ತಲೇ ಇರುತ್ತಾಳೆ. ಬೆಂಕಿಯ ಅಪಾಯ ಬೇರೆ. ಮುಖ್ಯವಾಗಿ ಮಾಡಬೇಕಾದದ್ದು ಮಣ್ಣಿಗೂ ಮರಕ್ಕೂ ಇರುವ ನೇರ ನಂಟನ್ನು ಕಡಿಯುವುದು. ಮಲೆನಾಡಿನ ಹಳೆಯ ತೊಟ್ಟಿಮನೆಗೆ ಹೋದರೆ ಮರದ ಕಂಬಗಳ ಬುಡ ನೋಡಿ. ಕಂಬ ನೆಲದಲ್ಲಿ ಹೂತಿಲ್ಲ, ಕಲ್ಲಿನ ಮೇಲೆ ನಿಂತಿದೆ. ಕಲ್ಲು ಗೆದ್ದಲನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹತ್ತಬೇಕಾದರೆ ಕೊಳವೆ ಕಟ್ಟಲೇಬೇಕು, ಕಟ್ಟಿದರೆ ನಮ್ಮ ಕಣ್ಣಿಗೆ ಬೀಳಲೇಬೇಕು! ಕಂಬಕ್ಕೆ ಆರಿಸುವುದೂ ಸಾಗುವಾನಿ, ಹಲಸಿನಂತಹ ಮರಗಳ ಚೇಗನ್ನು. ಮಾವಿನ ಹಲಗೆಯನ್ನು ಗೆದ್ದಲು ಬೇಗ ಮುಗಿಸುತ್ತದೆ.

ಕಾಂಕ್ರೀಟ್ ಮನೆಗೂ ಇದೇ ಮಾತು. ಗೆದ್ದಲು ಸಿಮೆಂಟ್ ತಿನ್ನುವುದಿಲ್ಲ, ಅದಕ್ಕೆ ಕೂದಲೆಳೆಯಂತಹ ಬಿರುಕು ಸಾಕು. ಸೋರುವ ನಲ್ಲಿಯನ್ನು ಸರಿಪಡಿಸಿ. ಸೌದೆಯನ್ನು ಗೋಡೆಗೆ ಒರಗಿಸಿ ಪೇರಿಸಬೇಡಿ. ಹೊಸ ಮನೆ ಕಟ್ಟಿದಾಗ ಹಲಗೆ ಚೂರು, ಮರದ ಬೊಡ್ಡೆಗಳು ನೆಲದಡಿ ಉಳಿಯದಿರಲಿ. ಕಟ್ಟುವಾಗಲೇ ತಳಪಾಯದ ಮಣ್ಣಿಗೆ ಔಷಧ ಹಾಕಿಸುವ ಕ್ರಮವೂ ಇದೆ. ಅದು ವಿಷ, ತರಬೇತಿ ಪಡೆದವರ ಕೆಲಸ. ಒಂದು ಕಾಲದಲ್ಲಿ ಗೆದ್ದಲಿಗೆ ಧಾರಾಳವಾಗಿ ಬಳಸುತ್ತಿದ್ದ ಆಲ್ಡ್ರಿನ್ ಅನ್ನು ನಮ್ಮ ದೇಶದಲ್ಲಿ 1996ರಲ್ಲಿ ನಿಷೇಧಿಸಲಾಯಿತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಜೀವಿಗಳ ಮೈ ಸೇರುವುದು ಅದರ ದೋಷ. ಆದ್ದರಿಂದ ಔಷಧದ ಡಬ್ಬಿಯನ್ನು ನೀವು ಮುಟ್ಟುವಂತಿಲ್ಲ.

ಬೀರುವಿನ ಕೆಲಸ ಮಾತ್ರ ನಿಮ್ಮದೇ. ಗುರುಗಳ ನೆರವಿನಿಂದ ಅದನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿ. ಕೆಳಗಿನ ಅರೆಯ ಪುಸ್ತಕಗಳನ್ನು ತಿಂಗಳಿಗೊಮ್ಮೆ ಹೊರತೆಗೆದು ಕೊಡವಿ. ಗೆದ್ದಲು ಹಿಡಿದ ಪುಸ್ತಕ ಸಿಕ್ಕರೆ ಬೇರೆಯಾಗಿಟ್ಟು, ಬಿಸಿಲಿಗೆ ಹರಡಿ, ಹುಳು ಮಣ್ಣುಗಳನ್ನು ಕುಂಚದಿಂದ ಗುಡಿಸಿ. ತೀರಾ ತಿಂದುಹೋದ ಹಾಳೆಗಳನ್ನು ಗೋಡೆಯ ಬದಿಗೆ ಎಸೆಯಬೇಡಿ, ದೂರದ ಗೊಬ್ಬರದ ಗುಂಡಿಗೆ ಹಾಕಿ.