ಭೇದಿಯಾದ ಮಗು ಏದುಸಿರು ಬಿಟ್ಟರೆ

ಸಂಘದ ಅಕ್ಕ-ತಂಗಿಯರೇ,

ಮುತ್ತತ್ತಿಯ ಹೊಳೆ ನೀರನ್ನು ಕಾಯಿಸದೆ ಕುಡಿದು ಮಗುವಿಗೆ ಭೇದಿ ಹಿಡಿಯಿತು ಅನ್ನಿ. ನೀರು, ಉಪ್ಪಿನ ಜೊತೆ ಬೈಕಾರ್ಬೊನೇಟ್ ಎಂಬ ಕ್ಷಾರವೂ ಹೋಗುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರಬೇಕು. ಈ ಹದ ಕಾಯುವುದು ಶ್ವಾಸಕೋಶ, ಮೂತ್ರಪಿಂಡಗಳು. ಹಾಗಾಗಿ ಇಂಗಾಲದ ಡೈಆಕ್ಸೈಡ್ ಹೊರಹಾಕಲು ಮಗು ಆಳವಾಗಿ, ಬೇಗಬೇಗ ಉಸಿರಾಡುತ್ತದೆ. ಇದನ್ನೇ ಗಾಳಿ ಸೋಕು ಅಂತ ತಾಯತ ಕಟ್ಟಿಸುತ್ತಾ ಕೂರಬೇಡಿ!

ಓಆರ್‌ಎಸ್ ಪೊಟ್ಟಣದಲ್ಲಿ ಸಿಟ್ರೇಟ್ ಉಂಟು. ದೇಹ ಅದನ್ನು ಕ್ಷಾರವಾಗಿ ಮಾಡಿಕೊಳ್ಳುತ್ತದೆ. ಮನೆಯ ಉಪ್ಪು-ಸಕ್ಕರೆ ನೀರಲ್ಲಿ ಅದಿಲ್ಲ, ಆದರೂ ಪೊಟ್ಟಣ ಸಿಗೋವರೆಗೆ ಕೊಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಕಾಯಿಸಿ ಆರಿಸಿದ್ದು. ಎದೆಹಾಲು ನಿಲ್ಲಿಸಬೇಡಿ.

ಏದುಸಿರು, ಮಂಕು, ಕುಡಿಯಲಾರದ ಸ್ಥಿತಿ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಮಗು ಎಚ್ಚರವಿದ್ದು ನುಂಗುತ್ತಿದ್ದರೆ ಮಳವಳ್ಳಿ ಆಸ್ಪತ್ರೆ ಸೇರೋವರೆಗೂ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸುತ್ತಿರಿ.