ಸಂಕಮ್ಮನ ಸಾಲಿನ ಸವಿ

ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಂತೆ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪರಸೆ ಹೊರಡುವುದು ಹಳೆಯ ರೂಢಿ. ಈ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಕುಳಿತರೆಂದರೆ, ಸುತ್ತ ನೆರೆದವರು ಮೊದಲು ಕೇಳುವ ಮಾತು ಒಂದೇ: ‘ಇವತ್ತು ಯಾವ ಸಾಲು ಗುಡ್ಡಪ್ಪ?’

‘ಸಾಲು’ ಎಂದರೆ ಮಾದಪ್ಪನ ದೀರ್ಘ ಕಥೆಯ ಒಂದು ಭಾಗ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ ಕಥೆ ಬೆಳೆಯುತ್ತ ಹೋಗುತ್ತದೆ. ಪ್ರತಿಯೊಂದು ಸಾಲೂ ತನ್ನಷ್ಟಕ್ಕೆ ತಾನೇ ಒಂದು ಪೂರ್ಣ ಕಥೆ. ಆದರೂ ಎಲ್ಲವೂ ಒಂದೇ ದಾರದ ಮಣಿಗಳು. ಇಡೀ ಕಥೆಯನ್ನು ಹಾಡಿ ಮುಗಿಸಲು ಹಲವು ರಾತ್ರಿಗಳೇ ಬೇಕು. ಮುಂದಾಳು ಕಥೆಯನ್ನು ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ.

ಕಥೆಯೋ ಊರಿಗೆಲ್ಲ ಗೊತ್ತಿರುವಂಥದು. ಹಾಗಿದ್ದೂ ನಡುರಾತ್ರಿಯವರೆಗೆ ಕುಳಿತು, ನಂತರದ ಸಾಲೊಂದನ್ನೇ ಕೇಳಿ ಹಾಡಿಸಿಕೊಳ್ಳುವುದೇಕೆ?

ಈ ಪ್ರಶ್ನೆ ನಮ್ಮ ಹಳ್ಳಿಗಳಿಗಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂತು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬ ವೀರನ ಪಾತ್ರ ವಹಿಸಿ ದಾಳ ಉರುಳಿಸುತ್ತ ಮುಂದೆ ಸಾಗುತ್ತಾರೆ. ಈ ಆಟದಿಂದಲೇ ಕಾದಂಬರಿ ಮಾಲೆಗಳು ಹುಟ್ಟಿದವು. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಬರೆದ ‘ಡ್ರ್ಯಾಗನ್‌ಲ್ಯಾನ್ಸ್’ ಮಾಲೆಯ ಮೊದಲ ಪುಸ್ತಕ ಬಂದದ್ದು 1984ರಲ್ಲಿ. ಜಪಾನಿನ ‘ಲೋಡಾಸ್’ ಕಥೆಯಂತೂ, ಗೆಳೆಯರು ಆಡಿದ ಆಟದ ವರದಿಯಾಗಿ 1986ರಲ್ಲಿ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು, ಕಾದಂಬರಿಯಾದದ್ದು ಆಮೇಲೆ. ಇಂಥ ಮಾಲೆಗಳ ಮೊದಲ ಭಾಗದಲ್ಲಿ ನಾಯಕ ಎಳಬ. ಶಕ್ತಿ, ಆಯುಧ, ಸಂಗಡಿಗರು ಒಂದೊಂದಾಗಿ ಅವನಿಗೆ ದಕ್ಕಬೇಕು. ‘ಇವನು ಗೆದ್ದಾನೆಯೇ’ ಎಂಬುದೇ ಅಲ್ಲಿನ ಕುತೂಹಲ.

ಮಾದಪ್ಪನ ಮೊದಲ ಸಾಲುಗಳ ಹದವೂ ಬಹುಮಟ್ಟಿಗೆ ಇದೇ. ಉತ್ತರದೇಶದಿಂದ ಬಂದ ಬಾಲಕ ಸುತ್ತೂರು, ಕುಂತೂರು ಮಠಗಳನ್ನು ಹಾದು, ಹುಲಿಯನ್ನೇರಿ ಎಪ್ಪತ್ತೇಳು ಮಲೆಯ ಒಡೆಯನಾಗಬೇಕು. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣದೊರೆಯನ್ನು ಅರಗಿನ ಪಾದರಕ್ಷೆಯ ಉಪಾಯದಿಂದ ಮುಗಿಸಬೇಕು. ಇಲ್ಲಿ ಕೇಳುಗನ ಕಣ್ಣೆಲ್ಲ ಮಾದಪ್ಪನ ಮೇಲೆ.

ಸಂಕಮ್ಮನ ಸಾಲಿಗೆ ಬರುವ ಹೊತ್ತಿಗೆ ಆ ಕುತೂಹಲ ತೀರಿಹೋಗಿರುತ್ತದೆ. ಮಾದಪ್ಪ ಸೋಲುವವನಲ್ಲವೆಂದು ಮಕ್ಕಳಿಗೂ ಗೊತ್ತು. ಆದ್ದರಿಂದ ಕಥೆಯ ಭಾರ ಅವನಿಂದ ಜಾರಿ ಒಬ್ಬ ಸೋಲಿಗ ಹೆಣ್ಣುಮಗಳ ಹೆಗಲೇರುತ್ತದೆ. ಗಂಡ ನೀಲೇಗೌಡ ಕಾಡಿಗೆ ಹೊರಡುವವನು. ತಾನಿಲ್ಲದಾಗ ಶೀಲ ಕಾಯ್ದುಕೊಳ್ಳುವೆನೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ತಪ್ಪು ಮಾಡದವಳು ಆಣೆಯಿಟ್ಟರೆ ಅನುಮಾನಕ್ಕೆ ತಾನೇ ದಾರಿಕೊಟ್ಟಂತಾಗುವುದಿಲ್ಲವೇ? ಅವನು ಹಿಂಸಿಸುತ್ತಾನೆ, ಕಾಡಿನ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಆಗ ಕೇಳುಗರ ಮುಂದಿರುವ ಪ್ರಶ್ನೆ ಮಾದಪ್ಪ ಗೆಲ್ಲುವನೇ ಎಂಬುದಲ್ಲ. ನೋವು ತಾಳಲಾರದೆ ಸಂಕಮ್ಮ ಭಾಷೆ ಕೊಟ್ಟುಬಿಡುವಳೇ ಎಂಬುದು.

ಅವಳು ಕೊಡುವುದಿಲ್ಲ. ಮಾದಪ್ಪ ಬಂದು ಸೆರೆ ಬಿಡಿಸುತ್ತಾನೆ; ಬಂಜೆಯೆನಿಸಿಕೊಂಡವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ಫಲ ಕೊಡುತ್ತಾನೆ. ಮರಳಿದ ಗಂಡ ಮತ್ತೆ ಅನುಮಾನಿಸಿ ಪರೀಕ್ಷೆಗೆ ಒಡ್ಡಿದಾಗಲೂ ಆಕೆ ಗೆದ್ದು ನಿಲ್ಲುತ್ತಾಳೆ. ಮಾಲೆಯ ನಂತರದ ಭಾಗ ಕೊಡುವ ಸುಖ ಇದೇ ಎನ್ನಬಹುದು. ನಾಯಕನ ಬಲ ಮೊದಲೇ ಸ್ಥಾಪಿತವಾಗಿರುವುದರಿಂದ, ಕಥೆಗಾರ ನಿಶ್ಚಿಂತೆಯಿಂದ ಬೇರೊಬ್ಬರ ಮನಸ್ಸಿನೊಳಗೆ ಇಳಿಯಬಲ್ಲ. ಸೋಲಿಗರ ಹಾಡಿ, ಜೇನು, ಬೇಟೆಗಳ ಲೋಕವೂ ಹೀಗೆ ಮಾದಪ್ಪನ ಲೋಕದೊಳಗೆ ಸೇರಿಕೊಂಡಿತು.

ಈ ಕಾವ್ಯ ಅಚ್ಚಿನಲ್ಲಿಯೂ ಸಿಗುತ್ತದೆ. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಇದನ್ನು ಸಂಗ್ರಹಿಸಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಬರೆದುಕೊಂಡರು; ಅದನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿತು. ಅದರ ಇಂಗ್ಲಿಷ್ ಅನುವಾದವೂ ಉಂಟು. ಪಠ್ಯ ಕಳೆದುಹೋಗುವ ಭಯ ಇಲ್ಲವೆಂದೇ ಹೇಳಬೇಕು.

ಕಳೆದುಹೋಗಬಹುದಾದದ್ದು ಬೇರೊಂದು. ಇಂದು ಸಂಕಮ್ಮನ ಸಾಲು ಕ್ಯಾಸೆಟ್ ದಾಟಿ ಮೊಬೈಲಿಗೂ ಬಂದಿದೆ. ಉತ್ಸವದ ವೇದಿಕೆಗಳ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬೀಸು ಕಂಸಾಳೆಯ ಚಮತ್ಕಾರಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ ಶ್ರವಣನ ಸಾಲು ಕೇಳದವನಿಗೆ ಗುಡಿಸಲ ಬಾಗಿಲಿಗೆ ಬಂದವನು ಯಾರೆಂಬುದೇ ಪೂರ್ತಿ ತಿಳಿಯದು. ಅವನು ವರವೊಂದನ್ನು ಕೊಟ್ಟುಹೋಗುವ ಯಾವನೋ ಜೋಗಿಯಾಗಿ ಉಳಿಯುತ್ತಾನೆ. ಹಿಂದಿನ ರಾತ್ರಿಗಳನ್ನು ಕಳೆದುಕೊಂಡ ಸಾಲು, ತವರಿಲ್ಲದ ಹೆಣ್ಣಿನಂತೆ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಮುಂದಿನ ಬಾರಿ ದೇವರಗುಡ್ಡರು ನಿಮ್ಮೂರಿಗೆ ಬಂದಾಗ ಸಂಕಮ್ಮನ ಸಾಲನ್ನು ಅವಶ್ಯ ಕೇಳಿ. ಆದರೆ ಅದಕ್ಕೆ ಮುಂಚೆ ಒಂದು ರಾತ್ರಿಯ ನಿದ್ದೆಗೆಟ್ಟು ಶ್ರವಣನ ಸಾಲನ್ನೂ ಹಾಡಿಸಿ. ಹಾಡುವವರಿಗೆ ಗೊತ್ತಿದೆ, ಬೇಕಾಗಿರುವುದು ಕೂತು ಕೇಳುವವರು.